ನೂರ ನಲವತ್ತಮೂರು ಕೊಕ್ಕೆಗಳು

ಗುಡ್ಡಪ್ಪ ದಿನಕ್ಕೆ ಎರಡೇ ಮಾತು ಆಡುತ್ತಿದ್ದ. ಎರಡೂ ಪ್ರಶ್ನೆಗಳು. ಎರಡನ್ನೂ ಅವನು ಕಲಿತದ್ದು ನಮ್ಮ ಅವ್ವನಿಂದ.

ಅವನು ಯಂತ್ರ. ಕೆಂಗುಡ್ಡದ ಕಬ್ಬಿಣದ ಗಣಿಗೆ ಕಂಪನಿಯವರು ಅವನನ್ನು ತಂದು ನಿಲ್ಲಿಸಿದಾಗ ಅವನ ಹೆಸರು ಒಂದು ಅಕ್ಷರ ಮತ್ತು ಒಂದು ಅಂಕಿ ಮಾತ್ರ. ಆರು ಅಂತಸ್ತಿನ ಎತ್ತರ, ಎರಡು ಕಾಲು, ಎರಡು ಕೈ, ತಲೆ ಇರಬೇಕಾದಲ್ಲಿ ನೀರಿನ ಟ್ಯಾಂಕಿನಂಥ ಒಂದು ಡಬ್ಬಿ, ಅದರ ನಡುವೆ ಒಂಟಿ ಕಣ್ಣು. ಲಾರಿಗಳು ಹತ್ತಲಾರದ ಕಡೆ ಅವನು ಹತ್ತುತ್ತಿದ್ದ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಸಿಡಿಸಿ, ಸಿಡಿದದ್ದನ್ನು ಬೊಗಸೆಯಲ್ಲಿ ಎತ್ತಿ ಮೇಲೆ ಕೊಡುತ್ತಿದ್ದ. ಮೊದಲ ವಾರ ಜನ ಹತ್ತಿರ ಹೋಗಲಿಲ್ಲ. ಎರಡನೆಯ ವಾರ ಯಾರೋ ಗುಡ್ಡಪ್ಪ ಅಂದರು. ಮೂರನೆಯ ವಾರದ ಹೊತ್ತಿಗೆ ಅವನ ನೆರಳಿನಲ್ಲಿ ಕೂತು ರೊಟ್ಟಿ ಬಿಚ್ಚುವುದು ರೂಢಿಯಾಗಿತ್ತು.

ಅವನಿಗೆ ಕೆಲಸವನ್ನು ಯಾರೂ ಬರೆದು ಕೊಟ್ಟಿರಲಿಲ್ಲ. ಅವನು ನೋಡಿ ಕಲಿಯುವ ಜಾತಿಯವನು. ನಮ್ಮವರು ಬಂಡೆಯನ್ನು ಹೇಗೆ ತಟ್ಟಿ ನೋಡುತ್ತಾರೆ, ಬಿರುಕು ಎಲ್ಲಿ ಹುಡುಕುತ್ತಾರೆ, ಯಾವಾಗ ದೂರ ಸರಿಯುತ್ತಾರೆ, ಎಲ್ಲವನ್ನೂ ಒಂದು ವರ್ಷ ನಿಂತು ನೋಡಿದ. ಹಾಗೆ ನೋಡಿದ್ದರಲ್ಲಿ ಬಿಲ್ಲೆ ಹಲಗೆಯೂ ಒಂದು.

ಗಣಿಯ ಬಾಯಿಯ ಬಳಿ ಒಂದು ದೊಡ್ಡ ಮರದ ಹಲಗೆ ಇತ್ತು. ಅದರ ತುಂಬ ಕೊಕ್ಕೆಗಳು, ಕೊಕ್ಕೆಗೊಂದು ಹಿತ್ತಾಳೆಯ ಬಿಲ್ಲೆ, ಬಿಲ್ಲೆಗೊಂದು ನಂಬರು. ಬೆಳಿಗ್ಗೆ ಇಳಿಯುವವನು ತನ್ನ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡು ಇಳಿಯಬೇಕು. ಹನ್ನೆರಡೂವರೆಗೆ ಬ್ಲಾಸ್ಟಿಂಗ್. ಅದಕ್ಕೂ ಮುಂಚೆ ಎಲ್ಲರೂ ಮೇಲೆ ಬಂದು ಬಿಲ್ಲೆಯನ್ನು ಅದರ ಕೊಕ್ಕೆಗೆ ಹಾಕಬೇಕು. ಒಂದು ಕೊಕ್ಕೆ ಖಾಲಿ ಇದ್ದರೂ ಮದ್ದು ಹೊತ್ತಿಸುವಂತಿಲ್ಲ. ಹಲಗೆ ನೋಡಿಕೊಳ್ಳುವ ಕೆಲಸ ನಮ್ಮ ಅವ್ವ ಹೊನ್ನೂರಮ್ಮನದು. ಗುಡ್ಡಪ್ಪ ಮದ್ದಿನ ತಂತಿಯನ್ನು ಮುಷ್ಟಿಯಲ್ಲಿ ಹಿಡಿದು, ಬಗ್ಗಿ, ಹಲಗೆ ನೋಡಿ ಕೇಳುತ್ತಿದ್ದ:

"ಎಲ್ಲಾರೂ ಬಂದ್ರಾ?"

ಅವ್ವ ಬಂದ್ರು ಅಂದರೆ ಮುಷ್ಟಿ ಬಿಗಿಯುತ್ತಿತ್ತು. ಗುಡ್ಡ ಒಮ್ಮೆ ಕೆಮ್ಮುತ್ತಿತ್ತು.

ಕೆಳಗಿನಿಂದ ಮೇಲಕ್ಕೆ ಮುನ್ನೂರು ಮೆಟ್ಟಿಲು. ಊಟದ ಹೊತ್ತಿಗೆ ಹತ್ತಿ ಮತ್ತೆ ಇಳಿಯುವುದೆಂದರೆ ಮಂಡಿ ಕಳಚಿ ಬರುತ್ತಿತ್ತು. ಹಾಗಾಗಿ ಗಂಡಸರಲ್ಲಿ ಒಂದು ಅಭ್ಯಾಸ ಬೆಳೆದಿತ್ತು. ಅವತ್ತಿನ ಬ್ಲಾಸ್ಟಿಂಗ್ ದೂರದ ಮೂಲೆಯಲ್ಲಿದ್ದರೆ ಒಬ್ಬಿಬ್ಬರು ಕೆಳಗೇ ಬಂಡೆಯ ಸಂದಿಯಲ್ಲಿ ಮಲಗಿಬಿಡುತ್ತಿದ್ದರು. ಹತ್ತುವವನ ಕೈಗೆ ತಮ್ಮ ಬಿಲ್ಲೆ ಕೊಟ್ಟು, "ಲೇ, ನಂದೂ ಹಾಕು" ಅನ್ನುತ್ತಿದ್ದರು. ಅದನ್ನು ಯಾರೂ ತಪ್ಪು ಅಂದುಕೊಂಡಿರಲಿಲ್ಲ. ಗೆಳೆಯನಿಗಾಗಿ ಅಷ್ಟೂ ಮಾಡದವನು ಎಂಥ ಗೆಳೆಯ.

ನಾನು ಎಂಟನೇ ಕ್ಲಾಸಿನ ಹುಡುಗಿಯಾಗಿದ್ದಾಗ ನಮ್ಮಪ್ಪ ಗಾದಿಲಿಂಗಪ್ಪ ತನ್ನ ಬಿಲ್ಲೆಯನ್ನು ಓಬಳೇಶಣ್ಣನ ಕೈಗೆ ಕೊಟ್ಟ. ಓಬಳೇಶಣ್ಣ ಎರಡು ಬಿಲ್ಲೆ ಹಾಕಿದ. ಅವ್ವ ಹಲಗೆ ನೋಡಿದಳು, ತುಂಬಿತ್ತು. ಬಂದ್ರು ಅಂದಳು.

ಮೂಲೆಯ ಬಂಡೆಯ ಒಳಗೆ ಯಾರಿಗೂ ಗೊತ್ತಿಲ್ಲದ ಒಂದು ಬಿರುಕು ಅಪ್ಪ ಮಲಗಿದ್ದ ಸಂದಿಯವರೆಗೂ ಓಡಿತ್ತು.

ಅವತ್ತು ಸಿಡಿದದ್ದನ್ನು ಬೊಗಸೆಯಲ್ಲಿ ಎತ್ತುವಾಗ ಗುಡ್ಡಪ್ಪ ನಿಂತುಬಿಟ್ಟ. ಆಮೇಲೆ ಸಂಜೆಯವರೆಗೂ ಕಲ್ಲುಗಳನ್ನು ಒಂದೊಂದಾಗಿ, ಅವರೆಕಾಯಿ ಸುಲಿಯುವ ಹಾಗೆ, ಎತ್ತಿ ಪಕ್ಕಕ್ಕಿಟ್ಟ. ಅಪ್ಪನನ್ನು ಮೇಲೆ ತಂದವನು ಅವನೇ. ಮತ್ತೆ ಇಳಿದು ಹೋಗಿ ಬುತ್ತಿ ಡಬ್ಬಿಯ ಮುಚ್ಚಳ ತಂದ. ಮತ್ತೆ ಹೋಗಿ ಒಂದು ಚಪ್ಪಲಿ ತಂದ. ಎರಡನ್ನೂ ಹಲಗೆಯ ಕೆಳಗೆ, ಅಪ್ಪನ ಬಿಲ್ಲೆ ನೇತಾಡುತ್ತಿದ್ದ ಕೊಕ್ಕೆಯ ನೇರಕ್ಕೆ ಇಟ್ಟ. ಹಾಗೆ ಮಾಡಲು ಅವನಿಗೆ ಯಾರೂ ಹೇಳಿರಲಿಲ್ಲ.

ಹದಿಮೂರನೆಯ ದಿನ ಅವ್ವ ಕೆಲಸಕ್ಕೆ ಹೋದಳು. ಅವತ್ತಿನಿಂದ ಯಾರ ಕೈಯಿಂದಲೂ ಇನ್ನೊಬ್ಬರ ಬಿಲ್ಲೆ ತೆಗೆದುಕೊಳ್ಳಲಿಲ್ಲ. ಹಾಕುವವನು ಅವಳ ಎದುರು ನಿಂತು ಮುಖ ತೋರಿಸಿ ಹಾಕಬೇಕು.

"ಅತ್ತಿಗಿ, ದಿನಾ ಈ ಮಕ ನೋಡಿ ನಿನಗ ಬ್ಯಾಸರ ಬರಲ್ಲೇನು?" ಎಂದು ಗಂಡಸರು ಕಾಡುತ್ತಿದ್ದರು.

"ಬರ್ತೈತಿ. ಆದ್ರೂ ತೋರ್ಸು."

"ಗಡ್ಡ ಬೋಳಿಸ್ಕೊಂಡು ಬಂದೀನಿ, ಗುರ್ತು ಸಿಕ್ತೇನು?"

"ಬೋಳಿಸಿದ್ರೂ ಅದ ಮಂಗ್ಯಾನ ಮಕ. ಹಾಕು, ನಡಿ."

ಹೀಗೆ ಕೆಲವು ತಿಂಗಳು ನಡೆದ ಮೇಲೆ ಒಂದು ಮಧ್ಯಾಹ್ನ ಅವ್ವ ಬಂದ್ರು ಅಂದರೂ ಮುಷ್ಟಿ ಬಿಗಿಯಲಿಲ್ಲ. ಗುಡ್ಡಪ್ಪ ಇನ್ನೂ ಸ್ವಲ್ಪ ಬಗ್ಗಿ, ತಾನಾಗಿಯೇ ಎರಡನೆಯ ಪ್ರಶ್ನೆ ಕೇಳಿದ.

"ಮಕ ನೋಡಿದ್ಯಾ?"

ಅವ್ವ ತಲೆ ಎತ್ತಿ ಅವನನ್ನೇ ನೋಡಿದಳು. "ನೋಡೀನಪ್ಪ," ಅಂದಳು. ಅವತ್ತು ಮನೆಗೆ ಬಂದವಳು ಅಪ್ಪ ಹೋದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡಳು. ಮುಂದಿನ ಹತ್ತು ವರ್ಷ ಕೆಂಗುಡ್ಡದಲ್ಲಿ ಬ್ಲಾಸ್ಟಿಂಗ್‌ಗೆ ಒಬ್ಬನೂ ಸಾಯಲಿಲ್ಲ.

*

ನಂತರ ಹೊಳೆಯ ಯುದ್ಧ ಬಂತು. ಅಣೆಕಟ್ಟಿನ ಮೇಲಿನವರು ನಾವು, ಕೆಳಗಿನವರು ಅವರು. ಅವರೂ ಅವ್ವನಿಗೆ ಅವ್ವ ಅಂತಲೇ ಅನ್ನುತ್ತಿದ್ದರು. ರೊಟ್ಟಿಗೆ ರೊಟ್ಟಿ ಅಂತಲೇ. ನೀರಿಗೆ ಮಾತ್ರ ನಮ್ಮದು ಅನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ನಾನು ಸೇತುವೆ ಕಟ್ಟುವ ತುಕಡಿ ಸೇರಿದೆ. ಗುಡ್ಡಪ್ಪನನ್ನೂ ಸೇನೆ ತೆಗೆದುಕೊಂಡಿತು.

ಅವನಿಂದ ಬೇಕಾಗಿದ್ದುದು ಒಂದೇ ಕೆಲಸ. ಹೊಳೆಯಾಚೆ ಹಿರೇತೊರೆ ಎಂಬ ಊರು, ಒಂದು ಕಲ್ಲುಗುಡ್ಡದ ಮೇಲೆ. ಆ ಗುಡ್ಡದ ಹೊಟ್ಟೆಯಲ್ಲಿ ಸುರಂಗ ಕೊರೆದು ಶತ್ರುಗಳು ಫಿರಂಗಿ ಇಟ್ಟಿದ್ದರು. ಮೇಲಿನಿಂದ ಏನು ಸುರಿದರೂ ಅದಕ್ಕೆ ತಾಗುತ್ತಿರಲಿಲ್ಲ. ಗುಡ್ಡವನ್ನೇ ಬುಡದಿಂದ ಒಡೆಯಬೇಕು, ಅದು ಗುಡ್ಡಪ್ಪನ ಕೈಯಲ್ಲಿ ಮಾತ್ರ ಆಗುವ ಕೆಲಸ. ಗುಡ್ಡ ಒಡೆದರೆ ಊರೂ ಹೋಗುತ್ತದೆ.

ಗುಡ್ಡಪ್ಪ ಹೊಳೆ ದಾಟಿದ. ಗುಂಡುಗಳು ಅವನ ಎದೆಗೆ ಬಡಿದು ಬೀಳುತ್ತಿದ್ದರೆ ಅವನು ಮೂರು ದಿನ ಬುಡದಲ್ಲಿ ತೂತು ಕೊರೆದ. ಮದ್ದು ತುಂಬಿದ. ತಂತಿಯನ್ನು ಮುಷ್ಟಿಯಲ್ಲಿ ಹಿಡಿದ. ಬಗ್ಗಿದ. ಕೇಳಿದ.

ಅಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ.

ನಿಯಂತ್ರಣ ಕೊಠಡಿ ಇದ್ದುದು ಹೊಳೆಯಿಂದ ಎಂಟು ಕಿಲೋಮೀಟರ್ ಈಚೆಗಿನ ಒಂದು ಪ್ರೌಢಶಾಲೆಯಲ್ಲಿ. ಅಲ್ಲಿ ನಡೆದುದನ್ನು ನನಗೆ ಹೇಳಿದವರು ನಾಜ್ನೀನ್. ಗುಡ್ಡಪ್ಪನ ಮಿದುಳಿನ ಉಸ್ತುವಾರಿ ಹೊತ್ತಿದ್ದ ಎಂಜಿನಿಯರ್, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಅವರ ಮೇಲಿನವನು ಮೇಜರ್ ಮಾಚಯ್ಯ.

"ಆ ಪ್ರಶ್ನೆನ ತೆಗೆದುಹಾಕಿ," ಎಂದ ಮಾಚಯ್ಯ.

"ಅದು ಒಂದು ಕಡೆ ಇಲ್ಲ ಸರ್. ಅವನು ನೋಡಿ ಕಲಿತದ್ದೆಲ್ಲ ಒಂದರಲ್ಲೊಂದು ಬೆರೆತುಹೋಗಿದೆ. ಸಾರು ಕುದಿಸಿದ ಮೇಲೆ ಉಪ್ಪು ಮಾತ್ರ ತೆಗೀರಿ ಅಂದ್ರೆ ಹೇಗೆ ತೆಗೀಲಿ?"

"ಹಾಗಾದ್ರೆ ಉತ್ತರ ಕೊಡಿ."

ಕೊಟ್ಟು ನೋಡಿದ್ದರು. ಗಣಿಯಿಂದ ಅವ್ವನ ಹಳೆಯ ಧ್ವನಿಮುದ್ರಣ ತಂದು ಕೇಳಿಸಿದ್ದರು. ಗುಡ್ಡಪ್ಪ ಹಲಗೆ ಎಲ್ಲಿ ಎಂದು ಕಣ್ಣು ತಿರುಗಿಸಿದ. ಕೆಂಗುಡ್ಡದಿಂದ ಹಲಗೆಯನ್ನೇ ಬಿಚ್ಚಿ ತಂದು ಶಾಲೆಯ ಅಂಗಳದಲ್ಲಿ ನಿಲ್ಲಿಸಿ, ಅದರ ಚಿತ್ರವನ್ನು ಅವನ ಕಣ್ಣಿಗೆ ಕಳಿಸಿದರು. ಹಿರೇತೊರೆಯ ಜನಗಣತಿ ಪಟ್ಟಿ ಹಿಡಿದು ಆರುನೂರ ಹನ್ನೆರಡು ಹೊಸ ಬಿಲ್ಲೆ ಹೊಡೆಸಿ, ಹಳೆಯವನ್ನು ತೆಗೆದು, ಹೊಸ ಕೊಕ್ಕೆ ಸೇರಿಸಿ ಹಾಕಿದರು. ಗುಡ್ಡಪ್ಪ ಹಲಗೆ ನೋಡಿದ. ಎರಡನೆಯ ಪ್ರಶ್ನೆ ಕೇಳಿದ. ಒಬ್ಬ ಸುಬೇದಾರ ಹಲಗೆಯ ಪಕ್ಕ ನಿಂತು ನೋಡೀನಿ ಅಂದ. ಗುಡ್ಡಪ್ಪನ ಕಣ್ಣು ಹಲಗೆಯ ಪಕ್ಕ ಅವ್ವನನ್ನು ಹುಡುಕಿತು, ಮುಷ್ಟಿ ಬಿಗಿಯಲಿಲ್ಲ.

"ಆ ಹೆಂಗಸನ್ನ ಕರೆಸಿ," ಎಂದ ಮಾಚಯ್ಯ.

*

ಜೀಪು ಬಂದಾಗ ಅವ್ವ ಜಗಲಿಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಓಬಳೇಶಣ್ಣ ಮೆಟ್ಟಿಲ ಮೇಲಿದ್ದ. ಅಪ್ಪ ಹೋದ ದಿನದಿಂದ ಅವನು ಪ್ರತಿ ಬೆಳಿಗ್ಗೆ ಬಂದು ಅಲ್ಲಿ ಕೂರುತ್ತಿದ್ದ. ಅವ್ವ ಒಂದು ಲೋಟ ಚಾ ಕೊಡುತ್ತಿದ್ದಳು, ಅವನು ಕುಡಿದು ಎದ್ದು ಹೋಗುತ್ತಿದ್ದ.

ಬಂದವರು ವಿಷಯ ಹೇಳಿದರು.

"ಊರು ಖಾಲಿ ಮಾಡ್ಸ್ಯಾರೇನು?" ಅವ್ವ ಕೇಳಿದಳು.

"ಖಾಲಿಯಾಗಿದೆಯಮ್ಮ. ಎರಡು ದಿನದ ಹಿಂದೆಯೇ ಎಲ್ಲರೂ ಹೊರಟುಹೋಗಿದ್ದಾರೆ."

"ಯಾರು ನೋಡ್ಯಾರ?"

"ವರದಿ ಬಂದಿದೆ."

ಅವ್ವ ಮೊರ ಕೆಳಗಿಟ್ಟಳು. "ವರದಿ ಬ್ಯಾರೆ, ನೋಡೋದು ಬ್ಯಾರೆ. ನಾ ಬರಂಗಿಲ್ಲ."

ಓಬಳೇಶಣ್ಣ ಲೋಟ ಹಿಡಿದೇ ಹೇಳಿದ. "ಹೋಗಬ್ಯಾಡ ಅತ್ತಿಗಿ. ನೋಡು, ಎರಡು ಬಿಲ್ಲಿ ಹಾಕಿದ ಕೈ ಇದು. ಇವ್ರು ಆರುನೂರು ಹಾಕ್ಯಾರ."

ಆಗ ಬಂದವರಲ್ಲಿ ಒಬ್ಬ ಜೇಬಿನಿಂದ ಕಾಗದ ತೆಗೆದು ಓದಿದ. ನನ್ನ ತುಕಡಿಯ ಹೆಸರು, ನನ್ನ ಹೆಸರು, ನಾನಿರುವ ಜಾಗ.

ನಾನಿದ್ದುದು ಹೊಳೆಯ ನಡುವಿನ ಒಂದು ಮರಳುದಿಬ್ಬದ ಮೇಲೆ. ಅರ್ಧ ಕಟ್ಟಿದ ತೇಲುಸೇತುವೆಯನ್ನು ಹಿರೇತೊರೆಯ ಫಿರಂಗಿ ಎರಡೂ ಕಡೆ ಕಡಿದುಹಾಕಿತ್ತು. ಹೊಳೆ ತುಂಬಿ ಹರಿಯುತ್ತಿತ್ತು, ಈಜಲು ಆಗುತ್ತಿರಲಿಲ್ಲ. ಎಂಬತ್ತಾರು ಜನ ಇದ್ದವರು ಮೂರನೆಯ ಬೆಳಿಗ್ಗೆಗೆ ಮೂವತ್ತೊಂದು ಉಳಿದಿದ್ದೆವು. ಗಂಟೆಗೊಮ್ಮೆ ಸುರಂಗದ ಬಾಯಿ ಬೆಳಗುತ್ತಿತ್ತು. ನಾವು ಮರಳಿನಲ್ಲಿ ಮುಖ ಹೂಳುತ್ತಿದ್ದೆವು. ಎದ್ದಾಗ ಪಕ್ಕದವನು ಏಳುತ್ತಿದ್ದನೋ ಇಲ್ಲವೋ ನೋಡಿಕೊಳ್ಳುತ್ತಿದ್ದೆವು. ಸುರಂಗದ ಬಲಕ್ಕೆ ಗುಡ್ಡಪ್ಪ ಮುಷ್ಟಿ ಹಿಡಿದು ಬಗ್ಗಿ ನಿಂತಿದ್ದ. ದೇವರ ಮುಂದೆ ನಿಂತವನ ಹಾಗೆ ಕಾಣುತ್ತಿದ್ದ.

"ಹೊಡಿಯಲೇ, ಹೊಡಿ," ಎಂದು ನಮ್ಮ ಹವಾಲ್ದಾರ ಅವನಿಗೆ ಬೈದು ಬೈದು ಗಂಟಲು ಕಟ್ಟಿಸಿಕೊಂಡಿದ್ದ.

ಆ ಬೆಳಿಗ್ಗೆ ನಾನು ದುರ್ಬೀನು ಹಿಡಿದು ಊರನ್ನು ನೋಡಿದೆ. ಖಾಲಿ ಬೀದಿ, ಮುಚ್ಚಿದ ಬಾಗಿಲು. ಒಂದು ಮಾಳಿಗೆಯ ಮೇಲೆ ಹೆಂಗಸೊಬ್ಬಳು ಕೆಂಪು ಮೆಣಸಿನಕಾಯಿ ಹರವುತ್ತಿದ್ದಳು. ಚಾಪೆಯ ಒಂದು ತುದಿಯಿಂದ ಶುರುಮಾಡಿ, ಕುಕ್ಕರಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತ, ಅಂಗೈಯಿಂದ ಸವರಿ ಸಮ ಮಾಡುತ್ತಿದ್ದಳು. ನಡುವೆ ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತು ಬಿಸಿಲಿನ ಕಡೆ ನೋಡಿದಳು. ಮುಖ ಸರಿಯಾಗಿ ಕಂಡಿತು. ಸುಮಾರು ಅವ್ವನ ವಯಸ್ಸು. ಮೂಗುತಿ ಹೊಳೆಯಿತು. ಯುದ್ಧವೋ ಏನೋ, ಆ ವರ್ಷದ ಮೆಣಸಿನಕಾಯಿ ಒಣಗಲೇಬೇಕಲ್ಲ.

ನಾನು ದುರ್ಬೀನು ಇಳಿಸಿದೆ. ಯಾರಿಗೂ ಹೇಳಲಿಲ್ಲ.

*

ಹನ್ನೊಂದು ಗಂಟೆಗೆ ವೈರ್‌ಲೆಸ್ಸಿನಲ್ಲಿ ನನ್ನ ಹೆಸರು ಕರೆದರು. ಅವ್ವನನ್ನು ಶಾಲೆಯ ಅಂಗಳದಲ್ಲಿ ಹಲಗೆಯ ಮುಂದೆ ನಿಲ್ಲಿಸಿದ್ದರಂತೆ. ಅವಳು ಹಲಗೆಗೆ ಬೆನ್ನು ಮಾಡಿ ನಿಂತಿದ್ದಳಂತೆ. ನಾ ನೋಡದ ಮಕ ನೋಡೀನಿ ಅನ್ನಂಗಿಲ್ಲ ಅಂತ ಒಂದೇ ಹಟ. ಮಾಚಯ್ಯ ಕೂಗಾಡಲಿಲ್ಲ, ಹೆದರಿಸಲಿಲ್ಲ. "ಮಗಳ ಹತ್ತಿರ ಮಾತಾಡಿ" ಎಂದಷ್ಟೇ ಹೇಳಿ ಮೈಕು ಕೊಟ್ಟು ಹೊರಗೆ ಹೋಗಿ ನಿಂತನಂತೆ.

"ಸುಂಕಿ," ಅಂದಳು ಅವ್ವ. "ಉಂಡ್ಯಾ?"

ಎರಡು ದಿನದಿಂದ ಉಂಡಿರಲಿಲ್ಲ. "ಉಂಡೆ," ಅಂದೆ.

"ಧ್ವನಿ ಯಾಕ ಹಿಂಗಾಗೈತಿ?"

"ಮರಳು ಹೋಗೈತಿ ಬಾಯಾಗ."

ಆಮೇಲೆ ಅವ್ವ ಗಣಿಯ ಬಾಯಿಯ ಬಳಿ ಮಾತಾಡುವ ದನಿಯಲ್ಲಿ ಕೇಳಿದಳು.

"ನಿನಗ ಆ ಊರು ಕಾಣ್ತೈತಂತಲ್ಲ. ಯಾರಾರ ಅದಾರೇನು ಅಲ್ಲಿ?"

ಸುರಂಗದ ಬಾಯಿ ಬೆಳಗಲು ಇನ್ನು ನಾಲ್ಕೈದು ನಿಮಿಷವಿತ್ತು. ನನ್ನ ಎಡಗಡೆ ಮಲಗಿದ್ದವಳು, ರೇಣವ್ವ ಅಂತ, ಬೆಳಿಗ್ಗೆಯಿಂದ ನೀರು ಕೇಳಿ ಕೇಳಿ ಈಗ ಕೇಳುವುದನ್ನು ನಿಲ್ಲಿಸಿದ್ದಳು.

"ಯಾರೂ ಇಲ್ಲವ್ವಾ," ಅಂದೆ.

"ಕಣ್ಣಾರ ನೋಡಿ ಹೇಳಾಕತ್ತೀಯೇನು?"

"ಹೂಂ. ದುರ್ಬೀನು ಹಾಕಿ ನೋಡೀನಿ. ಒಂದು ನಾಯಿನೂ ಇಲ್ಲ."

"ನೀ ನೋಡಿದ್ರ ನಾ ನೋಡಿದಂಗ, ಹೌದಿಲ್ಲೋ?"

ಹೌದು ಅಂದೆ. ಆ ಮಾತಿನ ಭಾರ ಆಗ ನನಗೆ ತಾಗಲಿಲ್ಲ. ಹನ್ನೊಂದು ವರ್ಷದಿಂದ ಇನ್ನೊಬ್ಬರ ಕೈಯ ಬಿಲ್ಲೆ ಮುಟ್ಟದವಳು, ನನ್ನ ಕೈಯಿಂದ ಆರುನೂರ ಹನ್ನೆರಡನ್ನು ತೆಗೆದುಕೊಂಡಳು.

ಅವ್ವ ಹಲಗೆಯ ಕಡೆ ತಿರುಗಿದಳು. ಎರಡು ಪ್ರಶ್ನೆ. ಎರಡು ಉತ್ತರ. ಗುಡ್ಡಪ್ಪನ ಮುಷ್ಟಿ ಬಿಗಿಯಿತು.

ಹಿರೇತೊರೆ ಮೊದಲು ಸ್ವಲ್ಪ ಮೇಲಕ್ಕೆದ್ದಿತು, ನಿದ್ದೆಯಲ್ಲಿ ಉಸಿರೆಳೆದುಕೊಂಡ ಹಾಗೆ. ಆಮೇಲೆ ಇರಲಿಲ್ಲ. ಮರಳುದಿಬ್ಬದ ಮೇಲೆ ಮೂವತ್ತು ಜನ ಕುಣಿದರು. ನಾನೂ ಕುಣಿದೆ, ಅದನ್ನು ಮುಚ್ಚಿಡುವುದಿಲ್ಲ. ಧೂಳು ಹೊಳೆ ದಾಟಿ ನಮ್ಮ ಮೇಲೆ ಇಳಿಯಿತು. ಅದರಲ್ಲಿ ಮೆಣಸಿನಕಾಯಿಯ ಘಾಟಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅಷ್ಟು ದೂರ ಬರುವ ಸಾಧ್ಯತೆ ಇಲ್ಲ ಅನ್ನುತ್ತಾರೆ ನಾಜ್ನೀನ್.

ಗುಡ್ಡಪ್ಪನಿಗೆ ಹಿಂದಿರುಗುವ ಆಜ್ಞೆ ಹೋಯಿತು. ಅವನು ಕೇಳಲಿಲ್ಲ. ಮಂಡಿಯೂರಿ ಕೂತು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡತೊಡಗಿದ. ಆರು ದಿನ.

ನಿಯಂತ್ರಣ ಕೊಠಡಿಯ ಪರದೆಗಳಲ್ಲಿ ಅವನ ಕಣ್ಣು ಕಂಡದ್ದೆಲ್ಲ ಕಾಣುತ್ತಿತ್ತು. ಎರಡನೆಯ ದಿನಕ್ಕೆ ನಾಜ್ನೀನ್ ಪರದೆಗಳನ್ನು ಆರಿಸಿದರು. ಮಾಚಯ್ಯ ಬಂದು, "ನನಗೆ ಬಂದ ವರದಿ ಹಾಗಿತ್ತು" ಎಂದನಂತೆ. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಅವನಿಗೂ ಯಾರೋ ಕೈಗೆ ಕೊಟ್ಟ ಬಿಲ್ಲೆ ಅದು. ಕೊಟ್ಟವನಿಗೆ ಇನ್ನೊಬ್ಬರು.

ಏಳನೆಯ ದಿನ ಗುಡ್ಡಪ್ಪ ಎದ್ದು, ಎರಡೂ ಕೈಗಳನ್ನು ಬೊಗಸೆ ಮಾಡಿಕೊಂಡು, ಅರವತ್ತು ಕಿಲೋಮೀಟರ್ ನಡೆದು ಕೆಂಗುಡ್ಡಕ್ಕೆ ಬಂದ. ದಾರಿಯ ಊರುಗಳ ಜನ ಅವನು ನೀರು ಒಯ್ಯುತ್ತಿದ್ದಾನೆ ಅಂದುಕೊಂಡರಂತೆ, ಅಷ್ಟು ಜೋಪಾನವಾಗಿ ಹಿಡಿದಿದ್ದ. ಗಣಿಯ ಬಾಯಿಯ ಬಳಿ, ಹಲಗೆ ಇದ್ದ ಜಾಗದ ಮುಂದೆ ಕೂತು, ಬೊಗಸೆಯಲ್ಲಿದ್ದುದನ್ನು ಒಂದೊಂದಾಗಿ ನೆಲದ ಮೇಲೆ ಜೋಡಿಸಿದ. ಒಂದು ಕನ್ನಡಕ. ಮಗುವಿನ ಕಾಲ್ಗೆಜ್ಜೆ. ಲಟ್ಟಣಿಗೆ. ಬೀಡಿಯ ಡಬ್ಬಿ. ಒಂದು ಊರುಗೋಲು. ಒಂದೊಂದು ಒಬ್ಬೊಬ್ಬರಿಗೆ.

ಅವ್ವ ಎಣಿಸಿದಳು. ನೂರ ನಲವತ್ತಮೂರು.

ಹಲಗೆಯನ್ನು ಮತ್ತೆ ತಂದು ನೆಡಿಸಿದರು. ಅವ್ವ ನೂರ ನಲವತ್ತಮೂರು ಬಿಲ್ಲೆಗಳನ್ನು ಕೊಕ್ಕೆಯಿಂದ ತೆಗೆದು, ಒಂದೊಂದನ್ನು ಒಂದೊಂದು ವಸ್ತುವಿನ ಪಕ್ಕದಲ್ಲಿಟ್ಟಳು. ಹನ್ನೆರಡೂವರೆಗೆ ಗುಡ್ಡಪ್ಪ ಬಗ್ಗಿದ.

"ಎಲ್ಲಾರೂ ಬಂದ್ರಾ?"

"ಇಲ್ಲಪ್ಪ," ಅಂದಳು ಅವ್ವ.

ಅವನು ಕಾದ. ಮರುದಿನ ಮತ್ತೆ ಕೇಳಿದ.

*

ಶಾಂತಿ ಹೀಗೆ ಬಂತು. ಗುಡ್ಡಪ್ಪ ಏಳದಿದ್ದರೆ ನಮ್ಮ ಸೇನೆಗೆ ಮುಂದೆ ಹೋಗುವ ಧೈರ್ಯವಿರಲಿಲ್ಲ. ಎದ್ದರೆ ಏನಾಗುತ್ತದೆ ಎಂದು ಹೊಳೆಯಾಚೆಯವರು ಹಿರೇತೊರೆಯಲ್ಲಿ ನೋಡಿದ್ದರು. ಏಳುತ್ತಾನೋ ಇಲ್ಲವೋ ಎರಡೂ ಕಡೆಯವರಿಗೆ ಗೊತ್ತಿರಲಿಲ್ಲ. ಒಂದು ವರ್ಷದೊಳಗೆ ಅವನ ನೆರಳಿನಲ್ಲೇ ಮೇಜು ಹಾಕಿ ಒಪ್ಪಂದಕ್ಕೆ ಸಹಿ ಮಾಡಿದರು. ಗಣಿ ಮುಚ್ಚಿ ಉದ್ಯಾನ ಮಾಡಿದರು. ಶಾಲೆಯ ಮಕ್ಕಳನ್ನು ಬಸ್ಸುಗಳಲ್ಲಿ ಕರೆತರುತ್ತಿದ್ದರು.

"ಇವನೇ ಯುದ್ಧ ಸಾಕು ಎಂದು ಕುಳಿತ ದೈತ್ಯ," ಎಂದು ಗೈಡು ಹೇಳುತ್ತಿದ್ದ. "ಶಾಂತಿಗಾಗಿ ತಪಸ್ಸು ಮಾಡುತ್ತಿದ್ದಾನೆ." ಮಕ್ಕಳು ಕೈಮುಗಿಯುತ್ತಿದ್ದರು.

ಅವ್ವ ಹತ್ತಿರದಲ್ಲೇ ಒದ್ದೆ ಬಟ್ಟೆ ಹಿಡಿದು ಆ ವಸ್ತುಗಳ ಮೇಲಿನ ಕೆಂಪು ಧೂಳು ಒರೆಸುತ್ತಿರುತ್ತಿದ್ದಳು. ಒಮ್ಮೆಯೂ ತಿದ್ದಲಿಲ್ಲ.

ನಾನು ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ಅವ್ವ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿದಳು. ನಾನು ಬಟ್ಟೆ ಒಣಹಾಕಲು ಹತ್ತಿದವಳು ಅದನ್ನು ನೋಡಿ, ಬಕೆಟ್ಟು ಅಲ್ಲೇ ಬಿಟ್ಟು ಇಳಿದುಬಂದು, ಬಚ್ಚಲಿನಲ್ಲಿ ಕೂತುಬಿಟ್ಟೆ. ಅವ್ವ ಬಾಗಿಲ ಬಳಿ ಬಂದಳು. ಬಹಳ ಹೊತ್ತು ನನ್ನ ಮುಖ ನೋಡಿದಳು, ಗಣಿಯಿಂದ ಹತ್ತಿ ಬಂದವರ ಮುಖ ನೋಡುತ್ತಿದ್ದ ಹಾಗೆ. ಆಮೇಲೆ ಮೇಲೆ ಹೋಗಿ ಎಲ್ಲವನ್ನೂ ಬಾಚಿ ಚೀಲಕ್ಕೆ ತುಂಬಿದಳು. ಮರುವರ್ಷದಿಂದ ನಮ್ಮ ಮನೆಗೆ ಅಂಗಡಿಯ ಖಾರದ ಪುಡಿ ಬಂತು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂಬತ್ತು ವರ್ಷ ಒಂದೇ ತಟ್ಟೆಯ ಆಚೆ ಈಚೆ ಕೂತು ಉಂಡೆವು.

ಓಬಳೇಶಣ್ಣ ಬೆಳಿಗ್ಗೆ ಬಂದು ಕೂರುವುದು ಮಾತ್ರ ನಿಲ್ಲಲಿಲ್ಲ. ಈಗ ಚಾ ಕೊಡುವವಳು ನಾನು. ಒಂದು ದಿನ ಲೋಟ ವಾಪಸು ಕೊಡುತ್ತ ಅವನು ಹೇಳಿದ, "ಸುಂಕಮ್ಮ, ನಾ ಯಾಕ ಬರ್ತೀನಿ ಅಂತ ನಿಮ್ಮವ್ವ ಒಂದಿನಾನೂ ಕೇಳ್ಲಿಲ್ಲ. ಕೇಳಿದ್ರ ಹೇಳ್ತಿದ್ದೆ. ಹೇಳಿದ್ರ ಬರೋದು ಬಿಡ್ತಿದ್ದೆ."

ಹೋದ ತಿಂಗಳು ಅವ್ವ ಹೋದಳು. ಜ್ವರ, ಎರಡು ದಿನ. ಮಣ್ಣು ಮಾಡಿದ ಹದಿಮೂರನೆಯ ದಿನ ಮನೆಯ ಮುಂದೆ ಕಾರು ನಿಂತಿತು. ಇಳಿದವನು ಮಾಚಯ್ಯ. ಸೇನೆ ಬಿಟ್ಟು ಈಗ ಸರ್ಕಾರದ ಸಲಹೆಗಾರ. ತಲೆ ಬೆಳ್ಳಗಾಗಿದೆ. ಅವ್ವನ ಫೋಟೋಗೆ ಕೈಮುಗಿದು, ಕೊಟ್ಟ ನೀರು ಕುಡಿದು, ವಿಷಯಕ್ಕೆ ಬಂದ.

"ಅಣೆಕಟ್ಟಿನದು ಮತ್ತೆ ಶುರುವಾಗಿದೆಯಮ್ಮ. ಅವರ ಪತ್ರಗಳ ಭಾಷೆ ಬದಲಾಗಿದೆ. ಗುಡ್ಡಪ್ಪ ಒಂದು ಸಲ ಎದ್ದು ನಿಂತರೆ ಸಾಕು. ಹೊಡೆಯೋದು ಬೇಡ. ಹೆದರಿದರೆ ಸುಮ್ಮನಾಗ್ತಾರೆ."

"ಅವನು ಏಳಂಗಿಲ್ಲರಿ."

"ನಿಮ್ಮ ತಾಯಿ ಇಲ್ಲ ಇಲ್ಲ ಅಂತಾನೇ ಇದ್ದರು, ಅದಕ್ಕೆ. ಈ ಹದಿಮೂರು ದಿನದಿಂದ ಅವನಿಗೆ ಯಾರೂ ಉತ್ತರ ಕೊಟ್ಟಿಲ್ಲ. ನಿಮ್ಮ ದನಿ ಅವನಿಗೆ ಗೊತ್ತು. ನಾಜ್ನೀನ್ ಪರೀಕ್ಷೆ ಮಾಡಿ ನೋಡಿದ್ದಾರೆ, ನೀವು ಹೇಳಿದರೆ ಕೇಳ್ತಾನೆ." ಅವನು ಲೋಟ ಕೆಳಗಿಟ್ಟ. "ನಾನು ಹೆದರಿಸೋಕೆ ಬಂದಿಲ್ಲ. ಈ ಮನೆ ಉದ್ಯಾನದ ಕ್ವಾರ್ಟರ್ಸು ಅನ್ನೋದನ್ನೂ ನಾನು ಎತ್ತೋದಿಲ್ಲ. ಆ ದಿನ ನೀವು ಮೂವತ್ತೊಂದು ಜನ ಬದುಕಿದ್ದು ನಿಮ್ಮ ತಾಯಿ ಹೌದು ಅಂದದ್ದರಿಂದ. ಅಷ್ಟು ನೆನಪಿದ್ದರೆ ಸಾಕು."

"ನೆನಪೈತ್ರಿ," ಅಂದೆ.

ನಾವು ಹೋದಾಗ ಹನ್ನೆರಡು ಗಂಟೆ ದಾಟಿತ್ತು. ಅವತ್ತು ಬಸ್ಸುಗಳನ್ನು ಬಿಟ್ಟಿರಲಿಲ್ಲ. ಹಲಗೆಯಲ್ಲಿ ಅವ್ವ ಖಾಲಿ ಬಿಟ್ಟಿದ್ದ ನೂರ ನಲವತ್ತಮೂರು ಕೊಕ್ಕೆಗಳಿಗೂ ಬೆಳಿಗ್ಗೆಯೇ ಬಿಲ್ಲೆ ಹಾಕಿಸಿದ್ದರು. ಒಂದೂ ಖಾಲಿ ಇರಲಿಲ್ಲ. ಗಾಳಿಗೆ ಎಲ್ಲವೂ ಒಟ್ಟಿಗೆ ಸದ್ದು ಮಾಡುತ್ತಿದ್ದವು. ನಾಜ್ನೀನ್ ದೂರದಲ್ಲಿ ಒಂದು ಯಂತ್ರದ ಮುಂದೆ ಕೂತಿದ್ದರು, ನನ್ನ ಕಡೆ ನೋಡಲಿಲ್ಲ. ಮಾಚಯ್ಯ ಛತ್ರಿ ಹಿಡಿದು ನಿಂತ. ಓಬಳೇಶಣ್ಣ ಕರೆಯದಿದ್ದರೂ ಬಂದು ಕಟ್ಟೆಯ ಮೇಲೆ ಕೂತಿದ್ದ.

ಹನ್ನೆರಡೂವರೆಗೆ ಗುಡ್ಡಪ್ಪ ಬಗ್ಗಿದ. ಒಂಬತ್ತು ವರ್ಷ ಕೂತ ಕೀಲುಗಳು ಕಿರುಗುಟ್ಟಿದವು. ಕಣ್ಣು ಹಲಗೆಯ ಮೇಲೆ ಮೇಲಿನಿಂದ ಕೆಳಕ್ಕೆ ಸರಿದು, ನನ್ನ ಮೇಲೆ ನಿಂತಿತು.

"ಎಲ್ಲಾರೂ ಬಂದ್ರಾ?"

ಅದು ಅವ್ವನ ದನಿಯ ಏರಿಳಿತವೇ. ಅಷ್ಟು ಹತ್ತಿರದಿಂದ ನಾನು ಅದನ್ನು ಕೇಳಿರಲಿಲ್ಲ.

"ಇಲ್ಲ," ಅಂದೆ.

ಮಾಚಯ್ಯ ಏನೋ ಹೇಳಲು ಬಾಯಿ ತೆರೆದ.

"ಬಿಲ್ಲಿ ಎಲ್ಲ ಅದಾವ," ಎಂದು ಗುಡ್ಡಪ್ಪನಿಗೇ ಹೇಳಿದೆ. "ಆದ್ರ ಅವು ಬ್ಯಾರೇದವ್ರು ಹಾಕಿದ್ದು. ಬಂದವ್ರು ಯಾರೂ ಇಲ್ಲ."

ಅವನು ಕದಲಲಿಲ್ಲ. ಇಲ್ಲ ಅಂದ ಮೇಲೆ ಅವನು ಮುಂದೆ ಕೇಳುವುದಿಲ್ಲ, ಮರುದಿನದವರೆಗೆ ಕಾಯುತ್ತಾನೆ. ಒಂಬತ್ತು ವರ್ಷ ಅದೇ ಕ್ರಮ. ಆದರೆ ಆ ದಿನ ಹಲಗೆ ತುಂಬಿತ್ತು, ಅದಕ್ಕೋ ಏನೋ, ಕಣ್ಣು ನನ್ನ ಮೇಲಿಂದ ಸರಿಯಲಿಲ್ಲ.

"ಮಕ ನೋಡಿದ್ಯಾ?"

ಇಲ್ಲ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಒಬ್ಬಾಕಿದು ನೋಡೀನಿ," ಅಂದೆ. "ನೀ ಮುಷ್ಟಿ ಬಿಗಿಯೋ ಮುಂಚೆ. ಮಾಳಿಗಿ ಮ್ಯಾಲ ಮೆಣಸಿನಕಾಯಿ ಹರವ್ತಿದ್ಲು. ಮೂಗುತಿ ಇತ್ತು. ಯಾರೂ ಇಲ್ಲ ಅಂತ ನಮ್ಮವ್ವಗ ಹೇಳ್ದಾಕಿ ನಾನು. ಅವ್ವ ಸುಳ್ಳು ಹೇಳ್ಲಿಲ್ಲ. ನಾ ಕೊಟ್ಟ ಬಿಲ್ಲಿ ಹಾಕಿದ್ಲು, ಅಷ್ಟ."

ನಾಜ್ನೀನ್ ತಲೆ ಎತ್ತಿ ನೋಡಿದರು. ಮಾಚಯ್ಯನ ಛತ್ರಿ ಸ್ವಲ್ಪ ಬಾಗಿತು. ಓಬಳೇಶಣ್ಣ ಕಟ್ಟೆಯಿಂದ ಎದ್ದು ಬಂದು, ನನಗಿಂತ ಎರಡು ಹೆಜ್ಜೆ ಹಿಂದೆ ನಿಂತ.

ಗುಡ್ಡಪ್ಪನ ಬಲಗೈ ಮೇಲೆದ್ದಿತು. ದೂರದಲ್ಲಿದ್ದ ಪೊಲೀಸಿನವರು ಓಡಿದರು. ಕೈ ನಿಧಾನವಾಗಿ ಇಳಿದು, ಒಂದು ಬೆರಳು, ನಮ್ಮ ಮನೆಯ ಬಾಗಿಲಿನಷ್ಟು ಉದ್ದದ್ದು, ನೆಲದ ಮೇಲಿನ ಸಾಲಿನ ಕಡೆ ಚಾಚಿತು. ಆಮೇಲೆ ಅವನು ಯಾರೂ ಕಲಿಸದ ಮೂರನೆಯ ಪ್ರಶ್ನೆ ಕೇಳಿದ.

"ಇದ್ರಾಗ ಆಕಿದು ಯಾವುದು?"

ನಾನು ಸಾಲಿನ ಉದ್ದಕ್ಕೂ ನಡೆದೆ. ಕನ್ನಡಕ. ಗೆಜ್ಜೆ. ಲಟ್ಟಣಿಗೆ. ಒಂದು ಹವಾಯಿ ಚಪ್ಪಲಿ, ಹೆಂಗಸರದು. ಹಿಡಿಕೆ ಮುರಿದ ಸೌಟು. ಸೆರಗಿನ ಒಂದು ತುಂಡು, ಬಣ್ಣ ಹೋದದ್ದು. ಮೊರದ ಅಂಚು. ಅವಳ ಕಾಲಲ್ಲಿ ಚಪ್ಪಲಿ ಇತ್ತೇ? ಸೀರೆ ಯಾವ ಬಣ್ಣ? ದುರ್ಬೀನಿನಲ್ಲಿ ಅಷ್ಟು ಹೊತ್ತು ನೋಡಿದ್ದೆ, ಮುಖ ಮಾತ್ರ ಉಳಿದಿದೆ. ಮೂಗುತಿ ಸಾಲಿನಲ್ಲಿ ಇರಲಿಲ್ಲ. ಅಷ್ಟು ಸಣ್ಣದು ಅವನ ಬೆರಳಿಗೆ ಸಿಗುವುದಿಲ್ಲ. ನೂರ ನಲವತ್ತಮೂರನೆಯದರವರೆಗೆ ಹೋಗಿ ಮತ್ತೆ ಹಿಂದಕ್ಕೆ ಬಂದೆ.

"ಗೊತ್ತಿಲ್ಲ," ಅಂದೆ.

ಬೆರಳು ಅಲ್ಲೇ ಇದೆ. ಈಗ ಅವನು ದಿನಕ್ಕೆ ಮೂರು ಮಾತು ಆಡುತ್ತಾನೆ.